ಉಪ್ಪಿಗೆ ಸಕ್ಕರೆಯ ಜೊತೆ ಏಕೆ ಬೇಕು?

ಮಾವಿನಮಿಡಿಗೆ ಉಪ್ಪು ಬೆರೆಸಿ ಭರಣಿಯಲ್ಲಿ ಇಡುವುದನ್ನು ನಾವೆಲ್ಲ ಊರಿನಲ್ಲಿ ನೋಡಿದವರೇ. ಯಾರೂ ಒಂದು ತೊಟ್ಟು ನೀರು ಹಾಕಿರುವುದಿಲ್ಲ. ನಾಲ್ಕು ದಿನ ಬಿಟ್ಟು ಮುಚ್ಚಳ ತೆಗೆದರೆ ಮಿಡಿ ಸುಕ್ಕುಗಟ್ಟಿರುತ್ತದೆ, ತಳದಲ್ಲಿ ನೀರು ನಿಂತಿರುತ್ತದೆ. ಆ ನೀರು ಮಿಡಿಯ ಜೀವಕೋಶಗಳದು. ಕೋಶದ ಸುತ್ತಲಿನ ತೆಳುಪೊರೆಯನ್ನು ನೀರು ಸುಲಭವಾಗಿ ದಾಟುತ್ತದೆ; ಉಪ್ಪು, ಸಕ್ಕರೆ ಹಾಗೆ ದಾಟಲಾರವು. ಹೊರಗೆ ಉಪ್ಪು ಹೆಚ್ಚಾದರೆ ನೀರು ಅತ್ತ ಹರಿಯುತ್ತದೆ. ಇದೇ ಅಭಿಸರಣೆ. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವುದೂ ಇದೇ, ದಿಕ್ಕು ಮಾತ್ರ ಉಲ್ಟಾ.

ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಕ್ಕೀತು. ಆದರೆ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳೂ ಇವೆ, ಅವುಗಳ ಕಥೆ ಇನ್ನೂ ದೊಡ್ಡದು.

ನಮ್ಮ ಬೈಕುಲ್ಲಾದ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಅದನ್ನು ಮೊದಲು ತನಗೇ ಚುಚ್ಚಿಕೊಂಡ ಹಾಫ್‌ಕಿನ್ ಹೆಸರು ನೀವು ಕೇಳಿರಬಹುದು. ಆತ ಅದಕ್ಕೂ ಮುಂಚೆ ಮಾಡಿದ್ದು ಕಾಲರಾ ಲಸಿಕೆ. ಲಸಿಕೆ ರೋಗ ಬರುವ ಮುಂಚಿನ ಮಾತು. ಕಾಲರಾ ಹಿಡಿದು ಮಲಗಿದವನಿಗೆ ಬೇಕಾದದ್ದು ನೀರು. ರೋಗ ಜೋರಾದರೆ ದೊಡ್ಡವರ ಮೈಯಿಂದಲೂ ಗಂಟೆಗೆ ಒಂದು ಲೀಟರಿನವರೆಗೆ ನೀರು ಹೋಗಬಹುದು. ಬರೀ ನೀರು ಕುಡಿಸಿದರೆ ಪ್ರಯೋಜನವಿಲ್ಲ, ಉಪ್ಪುನೀರು ಕುಡಿಸಿದರೂ ಅಷ್ಟೆ. ಕಾಲರಾದ ವಿಷ ಕರುಳಿನ ಕೋಶಗಳಿಂದ ಕ್ಲೋರೈಡನ್ನು ಹೊರಗೆ ಸುರಿಸುತ್ತದೆ. ಸೋಡಿಯಂ, ನೀರು ಅದರ ಬೆನ್ನು ಹತ್ತುತ್ತವೆ. ಉಪ್ಪು ಒಳಬರುವ ಮಾಮೂಲಿ ದಾರಿಯೂ ಕಟ್ಟಿಕೊಳ್ಳುತ್ತದೆ.

ಆದರೆ ಒಂದು ಬಾಗಿಲು ತೆರೆದೇ ಇರುತ್ತದೆ. ಅದರಲ್ಲಿ ಒಂಟಿಯಾಗಿ ಬಂದವರಿಗೆ ಪ್ರವೇಶವಿಲ್ಲ: ಎರಡು ಸೋಡಿಯಂ, ಒಂದು ಗ್ಲೂಕೋಸ್ ಒಟ್ಟಿಗೆ ಬರಬೇಕು. 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ರಾಬರ್ಟ್ ಕ್ರೇನ್ ಇದನ್ನು ಮಂಡಿಸಿದರು. ಒಳಬಂದ ಸೋಡಿಯಮ್ಮನ್ನು ಕೋಶದ ಹಿಂಬದಿಯ ಪಂಪು ರಕ್ತದ ಕಡೆಗೆ ತಳ್ಳುತ್ತದೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಖರ್ಚಾಗುವುದು ಎಟಿಪಿ. ಉಪ್ಪು ಹೋದ ಕಡೆ ನೀರು ತಾನಾಗಿ ಹೋಗುತ್ತದೆ. ಸಕ್ಕರೆ ಇಲ್ಲಿ ಶಕ್ತಿಗಾಗಿ ಅಲ್ಲ, ಉಪ್ಪನ್ನು ಒಳಗೆ ಕರೆತರುವುದಕ್ಕೆ!

1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಬಂದು ತುಂಬಿದ್ದ ಬನ್‌ಗಾಂವ್‌ನಲ್ಲಿ ಕಾಲರಾ ಎದ್ದಿತು. ನರಕ್ಕೆ ಏರಿಸುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನೊಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸಿದವರು ನರ್ಸುಗಳಲ್ಲ, ರೋಗಿಗಳ ಮನೆಯವರೇ. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮರುವರ್ಷ. ನಮ್ಮ ದೇಶಕ್ಕೆ ಇಂಥದ್ದರಲ್ಲಿ ಅವಸರವಿಲ್ಲ.

ಅಜ್ಜಿಯರು ಭೇದಿಗೆ ಉಪ್ಪು ಹಾಕಿದ ಗಂಜಿತಿಳಿ ಕೊಡುತ್ತಿದ್ದುದೂ ಸುಮ್ನೆ ಅಲ್ಲ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ.

ಹಾಗಾದರೆ ಸಕ್ಕರೆ ಹೆಚ್ಚಿದ್ದರೆ ಇನ್ನೂ ಒಳ್ಳೆಯದಲ್ಲವೆ ಅಂತ ಕೇಳಬಹುದು. ಅಲ್ಲ. ಹೀರಿ ಮುಗಿಯದ ಸಕ್ಕರೆ ಕರುಳಿನಲ್ಲೇ ನಿಂತು, ಉಪ್ಪು ಮಾವಿನಮಿಡಿಗೆ ಮಾಡಿದ್ದನ್ನೇ ಮಾಡುತ್ತದೆ: ಮೈಯ ನೀರನ್ನು ಹೊರಗೆಳೆಯುತ್ತದೆ, ಮಗುವಿನ ಭೇದಿ ಹೆಚ್ಚುತ್ತದೆ. ಅದಕ್ಕೇ 2002ರ ಹೊಸ ಸೂತ್ರದಲ್ಲಿ ಗ್ಲೂಕೋಸನ್ನು ಲೀಟರಿಗೆ 20 ಗ್ರಾಮಿನಿಂದ 13.5ಕ್ಕೆ, ಉಪ್ಪನ್ನು 3.5ರಿಂದ 2.6ಕ್ಕೆ ಇಳಿಸಿದರು. ಇಷ್ಟಾದರೂ ಮೆಡಿಕಲ್ ಶಾಪುಗಳಲ್ಲಿ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ನಿಲ್ಲಿಸಿತು.

ಮನೆಯಲ್ಲಿ ಕಲಸುವಾಗ ಪೊಟ್ಟಣದ ಮೇಲಿನ ಅಳತೆ ಓದಿ. ಒಂದು ಲೀಟರಿನ ಪೊಟ್ಟಣವೂ ಇದೆ, 200 ಮಿಲಿಲೀಟರಿನದೂ ಇದೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿಯಬೇಡಿ. ಕಲಸಿದ್ದು 24 ಗಂಟೆ ಮೀರಿದರೆ ಚೆಲ್ಲಿಬಿಡಿ.