ತಿರುಗು ಬಿಲ್ಲೆಯ ಕವಾಟ: ಅಧಿಕ ಒತ್ತಡದ ನೀರಿನ ನಿಯಂತ್ರಣ

ಕಟಪಾಡಿಯ ಆಸುಪಾಸಿನಲ್ಲಿ ಉಪ್ಪುನೀರು ಗದ್ದೆಗೆ ಏರದಂತೆ ತಡೆಯುವ ಕಿಂಡಿ ಅಣೆಕಟ್ಟಿನ ಹಲಗೆಯನ್ನು ಕಾಣದವರು ವಿರಳ. 2 ಮೀಟರ್ ಉದ್ದ, 30 ಸೆಂ.ಮೀ. ಅಗಲದ ಹಲಗೆಯೊಂದು 2 ಮೀಟರ್ ಆಳದಲ್ಲಿ ನೀರನ್ನು ತಡೆದು ನಿಂತರೆ ಅದರ ಮೇಲೆ ಸುಮಾರು 1,200 ಕಿಲೋಗ್ರಾಂ ಬಲ ಬೀಳುತ್ತದೆ. ಹಲಗೆಯನ್ನು ಎತ್ತುವವನು ಸೆಣಸುವುದು ಮರದ ತೂಕದೊಡನೆ ಅಲ್ಲ. ನೀರು ಅದನ್ನು ಗಾಡಿಗೆ ಒತ್ತಿ ಹಿಡಿದುದರಿಂದ ಹುಟ್ಟಿದ ಘರ್ಷಣೆಯೊಡನೆ.

ಇದೇ ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿ, ಘಟ್ಟದ ಬುಡದ ನೆಲದೊಳಗೆ, 460 ಮೆಗಾವಾಟ್ ಸಾಮರ್ಥ್ಯದ ವಾರಾಹಿ ವಿದ್ಯುದಾಗಾರವಿದೆ. ಇಂತಹ ಘಟ್ಟದಿಳಿವಿನ ಸ್ಥಾವರಗಳಲ್ಲಿ ನೀರಿನ ಕಂಬದ ಎತ್ತರ ನೂರಾರು ಮೀಟರ್. ಲೆಕ್ಕಕ್ಕಾಗಿ 400 ಮೀಟರ್ ಎಂದಿಟ್ಟುಕೊಂಡರೆ, ಹತ್ತು ಮೀಟರಿಗೆ ಚದರ ಸೆಂ.ಮೀ.ಗೆ ಒಂದು ಕಿಲೋಗ್ರಾಂನಂತೆ ಒತ್ತಡವು 40 ಕಿಲೋಗ್ರಾಂ ಆಗುತ್ತದೆ. 2 ಮೀಟರ್ ವ್ಯಾಸದ ಕೊಳವೆಯನ್ನು ಅಡ್ಡಗಟ್ಟಿದ ಬಿಲ್ಲೆಯ ಮೇಲೆ ಬೀಳುವ ಬಲ ಸುಮಾರು 1,250 ಟನ್. ಇದನ್ನು ಹಲಗೆಯಂತೆ ಜಾರಿಸಿ ಎತ್ತಲು ಹೊರಟರೆ ಘರ್ಷಣೆಯೊಂದೇ ನೂರಾರು ಟನ್ನಾದೀತು.

ಆದುದರಿಂದ ಬಿಲ್ಲೆಯನ್ನು ಎತ್ತದೆ ತಿರುಗಿಸುತ್ತಾರೆ. ನಡುವೆ ಹಾಯ್ದ ಅಚ್ಚಿನ ಇಕ್ಕೆಲಗಳಲ್ಲಿ ಬಿಲ್ಲೆ ಸಮನಾಗಿ ಹಂಚಿಹೋಗಿರುವುದರಿಂದ, ಒಂದು ಅರ್ಧದ ಮೇಲಿನ ಒತ್ತಡವನ್ನು ಮತ್ತೊಂದು ಅರ್ಧದ ಮೇಲಿನ ಒತ್ತಡವು ಬಹುಮಟ್ಟಿಗೆ ಸರಿದೂಗಿಸುತ್ತದೆ. ಚಿಟ್ಟೆ ಕವಾಟವೆಂದು ಹೆಸರಾದುದು ಇದೇ. ಆದರೆ ಬಲವು ಮಾಯವಾಗಲಿಲ್ಲ. ಅಷ್ಟೂ ಅಚ್ಚಿನ ಬೇರಿಂಗುಗಳ ಮೇಲೆ ಕುಳಿತಿದೆ. ಅಚ್ಚಿನ ತ್ರಿಜ್ಯ 20 ಸೆಂ.ಮೀ., ಘರ್ಷಣಾಂಕ 0.1 ಆದರೆ ತಿರುಗಿಸಲು 25 ಟನ್-ಮೀಟರ್ ತಿರುಚುಬಲ ಬೇಕು. ಈ ಭಾರವನ್ನು ಇಳಿಸಲೆಂದೇ ತೆರೆಯುವ ಮುನ್ನ ಪಕ್ಕದ ಸಣ್ಣ ಕೊಳವೆಯಿಂದ ನೀರು ಬಿಟ್ಟು, ಎರಡೂ ಬದಿಯ ಒತ್ತಡವನ್ನು ಸಮಗೊಳಿಸುತ್ತಾರೆ. ಸರಳವಾದ ಉಪಾಯ; ಎಷ್ಟೋ ಜಾಣ್ಮೆಯ ಯಂತ್ರಾಂಗಗಳಿಗಿಂತ ಮಿಗಿಲಾದುದು.

ಅರೆತೆರೆದ ಸ್ಥಿತಿಯೇ ಬಿಲ್ಲೆಗೆ ಕಷ್ಟಕಾಲ. ಓರೆಯಾಗಿ ನಿಂತ ಬಿಲ್ಲೆಯಲ್ಲಿ ಒತ್ತಡದ ಕೇಂದ್ರವು ಪ್ರವಾಹಕ್ಕೆ ಎದುರಾದ ಅಂಚಿನ ಕಡೆಗೆ ಸರಿಯುವುದರಿಂದ ನೀರೇ ಅದನ್ನು ಮುಚ್ಚಲೆಳಸುತ್ತದೆ. ಅಂಚಿನ ಹಿಂಬದಿಯಲ್ಲಿ ಒತ್ತಡ ಕುಸಿದು ಆವಿಯ ಗುಳ್ಳೆಗಳೆದ್ದು, ಅವು ಒಡೆಯುವಾಗ ಉಕ್ಕನ್ನೂ ಕೊರೆಯುತ್ತವೆ. ಹೀಗಾಗಿ ವಿದ್ಯುದಾಗಾರದಲ್ಲಿ ಈ ಕವಾಟ ಪೂರ್ಣ ತೆರೆದಿರಬೇಕು, ಇಲ್ಲವೇ ಪೂರ್ಣ ಮುಚ್ಚಿರಬೇಕು. ಹರಿವನ್ನು ಹೆಚ್ಚುಕಡಿಮೆ ಮಾಡುವುದು ಟರ್ಬೈನಿನ ಕೆಲಸ.

ತೆರೆದಾಗಲೂ ಬಿಲ್ಲೆ ಪ್ರವಾಹದ ನಡುವೆಯೇ ಉಳಿಯುತ್ತದೆ. ಒತ್ತಡ ಹೆಚ್ಚಿದಂತೆ ಅದನ್ನು ದಪ್ಪಗೊಳಿಸಬೇಕು. ದಪ್ಪವಾದಷ್ಟೂ ನೀರಿಗೆ ಅಡ್ಡಿ. ಸುಮಾರು 200 ಮೀಟರಿಗಿಂತ ಮೇಲೆ ಸಾಮಾನ್ಯವಾಗಿ ಬಿಲ್ಲೆಯನ್ನು ಬಿಟ್ಟು, ಕೊಳವೆಯಷ್ಟೇ ಅಗಲದ ರಂಧ್ರವುಳ್ಳ ಗೋಳವನ್ನು ತಿರುಗಿಸುವುದು ಈ ಕಾರಣದಿಂದ.

ಮುಚ್ಚುವ ವೇಗವೂ ವಿನ್ಯಾಸದ ಭಾಗವೇ. ರಷ್ಯದ ಜುಕೋವ್‌ಸ್ಕಿ 1898ರ ಹೊತ್ತಿಗೆ ತೋರಿಸಿಕೊಟ್ಟಂತೆ, ಹರಿವನ್ನು ಥಟ್ಟನೆ ತಡೆದರೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಹಿಂದಕ್ಕೆ ಓಡುತ್ತದೆ. ಉಕ್ಕಿನ ಕೊಳವೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,000 ಮೀಟರ್. ಸೆಕೆಂಡಿಗೆ 4 ಮೀಟರ್ ಹರಿಯುತ್ತಿದ್ದ ನೀರು ಹಠಾತ್ತನೆ ನಿಂತರೆ ಇನ್ನೂ 400 ಮೀಟರ್ ಕಂಬದ ಒತ್ತಡ ಸೇರಿ ಮೂಲ ಒತ್ತಡ ಇಮ್ಮಡಿಸುತ್ತದೆ. ಒಂದು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅಲೆ ಹೋಗಿ ಮರಳಲು 2 ಸೆಕೆಂಡು ಬೇಕು. ಕವಾಟ ಅದಕ್ಕಿಂತ ಬಹಳ ನಿಧಾನವಾಗಿ ಮುಚ್ಚಬೇಕು. ತೆರೆಯಲು ತೈಲದ ಒತ್ತಡ, ಮುಚ್ಚಲು ತೂಗುಭಾರ ಎಂಬ ಏರ್ಪಾಡು ರೂಢಿಯಲ್ಲಿದೆ: ವಿದ್ಯುತ್ತು ಹೋದರೂ ಭಾರ ತಾನಾಗಿ ಇಳಿಯುತ್ತದೆ, ಕಿರಿದಾದ ರಂಧ್ರದಿಂದ ಹೊರಡುವ ತೈಲ ಅದರ ಅವಸರವನ್ನು ತಡೆಯುತ್ತದೆ.

ಟರ್ಬೈನಿನ ದುರಸ್ತಿಗೆ ಕೆಲಸಗಾರನು ಒಳಗಿಳಿದಾಗ ಅವನಿಗೂ 1,250 ಟನ್ನಿಗೂ ನಡುವೆ ಇರುವುದು ಈ ಕವಾಟವೊಂದೇ. ಅದಕ್ಕಾಗಿ ಗೋಳಕವಾಟಕ್ಕೆ ಮೇಲ್ಬದಿಯಲ್ಲಿ ಇನ್ನೊಂದು ಮುದ್ರೆಯುಂಗುರವನ್ನು ಇಟ್ಟು ಬೀಗಮುದ್ರೆ ಮಾಡುತ್ತಾರೆ. ಎರಡು ಉಂಗುರಗಳ ನಡುವಣ ನಳ್ಳಿಯನ್ನು ತೆರೆದು, ನೀರು ನಿಂತಿತೆಂದು ಕಣ್ಣಾರೆ ಕಂಡ ಮೇಲೆಯೇ ಆಳನ್ನು ಒಳಗೆ ಬಿಡಬೇಕು.