ಸವೆಯುವ ಮಣಿಕಟ್ಟು, ಸಿಗದ ಪರಿಹಾರ

ಮದ್ರಾಸ್ ಹೈಕೋರ್ಟಿನ ಎದುರಿನ ಪ್ಯಾರೀಸ್ ಕಾರ್ನರ್‌ನಲ್ಲಿ ಬೆರಳಚ್ಚಿನಿಂದ ಮೂಟೆ ಹೊರುವವರೆಗೆ, ಒಂದೇ ಚಲನೆಯನ್ನು ದಿನವಿಡೀ ಬೇಡುವ ದುಡಿಮೆಗಳಿವೆ. ಅದರಿಂದ ಮಣಿಕಟ್ಟೋ ಭುಜವೋ ಸೋತರೆ ಪರಿಹಾರ ಕೇಳಬಹುದೇ? 1923ರ ಪರಿಹಾರ ಕಾಯ್ದೆಯ 3ನೇ ಸೆಕ್ಷನ್ ಎರಡು ದಾರಿ ತೆರೆಯಿತು: ಅಪಘಾತ, ಇಲ್ಲವೇ 3ನೇ ಅನುಸೂಚಿಯಲ್ಲಿ ಹೆಸರಿಸಿದ ಔದ್ಯೋಗಿಕ ಕಾಯಿಲೆ. ವರ್ಷಗಟ್ಟಲೆ ಬಲಿಯುವ ನೋವಿಗೆ ಅಪಘಾತದ ದಿನಾಂಕವಿಲ್ಲ. ಅನುಸೂಚಿಯಲ್ಲಿ ಸೀಸ, ಪಾದರಸ, ಸಿಲಿಕೋಸಿಸ್ ಇದ್ದರೂ ಇದಕ್ಕೆ ಜಾಗವಿರಲಿಲ್ಲ. ಬ್ರಿಟನ್ ತಂತಿ ಕಚೇರಿಯ ನೌಕರರ ಕೈಸೆಳೆತವನ್ನು 1908ರಲ್ಲೇ ಪಟ್ಟಿಗೆ ಸೇರಿಸಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿ ಮಣಿಕಟ್ಟಿನ ನರ ಅದುಮಿಹೋಗುವ ಕಾರ್ಪಲ್ ಟನಲ್ ಸಿಂಡ್ರೋಮ್ ಇದೆ.

ಮನೆಗೆಲಸದಿಂದಲೂ ಕೈ ನೋಯುತ್ತದಲ್ಲ, ಮಾಲೀಕರೇಕೆ ಹೊಣೆ ಎಂಬ ಆಕ್ಷೇಪ ಸುಳ್ಳಲ್ಲ, ಆದರೆ ಸಾಲದು. ವಯಸ್ಸಿನಿಂದಲೂ ಕಿವಿ ಮಂದವಾಗುತ್ತದೆ. ಆದರೂ ಗದ್ದಲದಿಂದಾದ ಶ್ರವಣದೋಷವನ್ನು ಅನುಸೂಚಿ ಒಪ್ಪಿದೆ. ಕೆಲಸದ ಅವಧಿ, ವೈದ್ಯಕೀಯ ದಾಖಲೆಗಳಿಂದ ಕಾರಣವನ್ನು ತೂಗುವ ವಿಧಾನ ಇಲ್ಲಿಗೂ ಹೊಂದುತ್ತದೆ. ಪಟ್ಟಿ ಬದಲಾದರೂ ಸ್ವಂತ ಯಂತ್ರವಿಟ್ಟು ಕೂರುವ ಬೆರಳಚ್ಚುಗಾರರು ಹೊರಗೇ ಉಳಿಯುತ್ತಾರೆ: ಅವರಿಗೆ ಮಾಲೀಕರೇ ಇಲ್ಲ.