ಹೂಬಳ್ಳಿಯ ಲೆಕ್ಕ: ಬಡ್ಡಿ ಮೇಲೆ, ಅಸಲು ಮಣ್ಣಿನ ಕೆಳಗೆ

ಆಕ್ರಮಣಕಾರಿ ಸಸ್ಯ ಎಂದರೇನು? ಹೊರದೇಶದಿಂದ ಬಂದ ಗಿಡಗಳೆಲ್ಲ ಆಕ್ರಮಣಕಾರಿ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಮೆಣಸಿನಕಾಯಿ, ಟೊಮೆಟೊ, ಸೀಬೆ, ಪರಂಗಿ ಇವೆಲ್ಲ ಅಮೆರಿಕ ಖಂಡಗಳಿಂದ ಬಂದವು. ಅವಿಲ್ಲದೆ ನಮ್ಮ ಅಡುಗೆಮನೆ ಒಂದು ದಿನವೂ ನಡೆಯದು. ನೆಟ್ಟ ಜಾಗ ಬಿಟ್ಟು ತಾನಾಗಿಯೇ ಹರಡಿ, ಅಲ್ಲಿ ಮೊದಲಿನಿಂದ ಇದ್ದ ಗಿಡಗಳ ಬೆಳಕು, ನೀರು, ಜಾಗ ಕಸಿದು ಹಾನಿ ಮಾಡುವ ಗಿಡಕ್ಕೆ ಮಾತ್ರ ಈ ಹೆಸರು. ಗಿಡ ಎಲ್ಲಿಂದ ಬಂತು ಎಂಬುದಷ್ಟೇ ಸಾಲದು, ಬಂದ ಮೇಲೆ ಏನು ಮಾಡುತ್ತದೆ ಎಂದು ನೋಡಬೇಕು.

ನಾನು ಕಾಮರ್ಸ್ ವಿಭಾಗದವಳು, ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ಬರೆಯಲು ಕಾರಣವಿದೆ. ನಮ್ಮ ಸೈಕಲ್ ಸ್ಟ್ಯಾಂಡಿನ ತಗಡಿನ ಚಾವಣಿಗೆ ಹೂಬಳ್ಳಿ ಹಬ್ಬಿಸಬೇಕು ಎಂದು ಪರಿಸರ ಸಂಘದ ಸಭೆಯಲ್ಲಿ ಸಲಹೆ ಬಂದಿದೆ. ಹೆಚ್ಚಿನವರು ಒಪ್ಪಿದ್ದು ಗುಲಾಬಿ ಬಣ್ಣದ ಆಂಟಿಗೋನಾನ್ ಬಳ್ಳಿಯನ್ನು. ನಮ್ಮ ಮನೆಯಲ್ಲಿ ಅಮ್ಮಿ ಅದನ್ನು ಗುಲಾಬಿ ಬೇಲ್ ಎನ್ನುತ್ತಾರೆ. ಕಡಿಮೆ ನೀರು, ಕಡಿಮೆ ಖರ್ಚು, ಬೇಗ ನೆರಳು. ನೆಡುವ ಮೊದಲು ಈ ಬಳ್ಳಿ ಬೇರೆ ಕಡೆ ಏನು ಮಾಡಿದೆ ಎಂದು ತಿಳಿದುಕೊಳ್ಳೋಣ.

ಬಳ್ಳಿಯ ಪರಿಚಯ

ಇದರ ಸಸ್ಯಶಾಸ್ತ್ರೀಯ ಹೆಸರು ಆಂಟಿಗೋನಾನ್ ಲೆಪ್ಟೋಪಸ್. ತವರು ಮೆಕ್ಸಿಕೊ. ಎಲೆ ಹೃದಯದ ಆಕಾರದ್ದು, ಹೂ ಗುಲಾಬಿ ಇಲ್ಲವೇ ಬಿಳಿ. ಹೂಗೊಂಚಲಿನ ತುದಿಯಲ್ಲೇ ಕುಡಿಬಳ್ಳಿಗಳಿದ್ದು, ಸಿಕ್ಕಿದ್ದನ್ನು ಹಿಡಿದು ಮೇಲೇರುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ಇದನ್ನು ಕೊರಾಲಿಟಾ ಎನ್ನುತ್ತಾರೆ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಇದರ ಹೆಸರು ಕಡೇನಾ ಡಿ ಅಮೋರ್, ಅಂದರೆ ಪ್ರೀತಿಯ ಸರಪಳಿ. ಎರಡೂ ಕಡೆ ಇದನ್ನು ತಂದದ್ದು ಅಂದಕ್ಕಾಗಿ. ಎರಡೂ ಕಡೆ ಈಗ ಇದು ಕಳೆ.

ಒಂದು ಪುಟ್ಟ ದ್ವೀಪದ ಕಥೆ

ಸೇಂಟ್ ಯುಸ್ಟೇಷಿಯಸ್ ಕೆರಿಬಿಯನ್ ಸಮುದ್ರದಲ್ಲಿರುವ, ನೆದರ್ಲೆಂಡ್ಸ್‌ಗೆ ಸೇರಿದ ದ್ವೀಪ. ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರ್ ಮಾತ್ರ. ಕಾಮರ್ಸ್ ಓದುವವರಿಗೆ ಇದು ಆಸಕ್ತಿಯ ಊರು. 18ನೇ ಶತಮಾನದಲ್ಲಿ ಇದು ಮುಕ್ತ ಬಂದರು. ಹಡಗುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಜನ ಇದನ್ನು ಚಿನ್ನದ ಬಂಡೆ ಎಂದು ಕರೆಯುತ್ತಿದ್ದರು. 1781ರಲ್ಲಿ ಬ್ರಿಟಿಷ್ ನೌಕಾಪಡೆಯ ರಾಡ್ನಿ ಇದನ್ನು ವಶಪಡಿಸಿಕೊಂಡು ದೋಚಿದ. ಆಮೇಲಿನ ದಶಕಗಳಲ್ಲಿ ವ್ಯಾಪಾರ ಕುಸಿಯಿತು. ಬೇಸಾಯವೂ ಕ್ರಮೇಣ ಕಡಿಮೆಯಾಗಿ ಹೊಲಗಳು ಪಾಳು ಬಿದ್ದವು.

ಅಲಂಕಾರಕ್ಕೆ ತಂದ ಕೊರಾಲಿಟಾ ತೋಟದ ಬೇಲಿ ದಾಟಿ ಇಂಥ ಪಾಳು ಜಾಗಗಳಿಗೆ, ರಸ್ತೆ ಬದಿಗಳಿಗೆ ಇಳಿಯಿತು. ದಟ್ಟವಾದ ಕಾಡಿನ ನೆರಳಿಗಿಂತ ಬಿಸಿಲು ಬೀಳುವ, ಮಣ್ಣು ಕದಡಿದ ಜಾಗ ಇದಕ್ಕೆ ಇಷ್ಟ. ಅಲ್ಲಿ ಅದು ಪೊದೆ, ಮರ, ಗೋಡೆ ಎಲ್ಲದರ ಮೇಲೂ ಕಂಬಳಿಯಂತೆ ಹೊದೆಯುತ್ತದೆ. ಕೆಳಗಿನ ಎಲೆಗಳಿಗೆ ಬೆಳಕು ಸಿಗುವುದಿಲ್ಲ, ಮರಿ ಸಸಿಗಳು ಮೇಲೇಳುವುದಿಲ್ಲ.

ದೊಡ್ಡ ದೇಶದಲ್ಲಿ ಒಂದು ಜಾಗ ಹೋದರೆ ಅದೇ ಗಿಡ ಇನ್ನೊಂದು ಕಡೆ ಉಳಿದೀತು. ದ್ವೀಪದಲ್ಲಿ ಆ ಇನ್ನೊಂದು ಕಡೆ ಇರುವುದಿಲ್ಲ. ಈ ದ್ವೀಪದಲ್ಲೇ ಅದರದೇ ಆದ ಒಂದು ಹೂಬಳ್ಳಿ ಇದೆ, ಐಪೋಮಿಯಾ ಸ್ಫೀನೋಫಿಲ್ಲಾ. ಜಗತ್ತಿನಲ್ಲಿ ಬೇರೆಲ್ಲೂ ಅದು ಸಹಜವಾಗಿ ಬೆಳೆಯುವುದಿಲ್ಲ. ಅದು ಅಲ್ಲಿ ಅಳಿದರೆ ಎಲ್ಲ ಕಡೆ ಅಳಿದಂತೆಯೇ.

ಕತ್ತರಿಸಿದರೂ ಏಕೆ ಸಾಯುವುದಿಲ್ಲ?

ಇಲ್ಲಿ ನಮ್ಮ ಅಕೌಂಟೆನ್ಸಿ ಉಪಯೋಗಕ್ಕೆ ಬರುತ್ತದೆ. ಕೊರಾಲಿಟಾ ತನ್ನ ಆಹಾರವನ್ನು ಮಣ್ಣಿನ ಕೆಳಗೆ ಗೆಡ್ಡೆಗಳಲ್ಲಿ ಕೂಡಿಡುತ್ತದೆ. ಬರ ಬಂದಾಗ ಮೇಲಿನ ಬಳ್ಳಿ ಒಣಗುತ್ತದೆ, ಮಳೆ ಬಂದಾಗ ಗೆಡ್ಡೆ ಮತ್ತೆ ಚಿಗುರುತ್ತದೆ. ಕತ್ತರಿಸಿದಾಗಲೂ ಹಾಗೆಯೇ. ಸಾಲಗಾರನು ವರ್ಷವಿಡೀ ಬಡ್ಡಿ ಕಟ್ಟಿ ಅಸಲನ್ನು ಮುಟ್ಟದಿದ್ದರೆ ಸಾಲ ತೀರುತ್ತದೆಯೇ? ಬಳ್ಳಿ ಕತ್ತರಿಸುವುದು ಬಡ್ಡಿ ಕಟ್ಟಿದಂತೆ. ಅಸಲು ಇರುವುದು ಗೆಡ್ಡೆಯಲ್ಲಿ. ಅದನ್ನು ಅಗೆದು ತೆಗೆಯಬೇಕು, ಒಂದು ಸಲ ಅಲ್ಲ, ಚಿಗುರು ನಿಲ್ಲುವವರೆಗೆ.

ಜೊತೆಗೆ ಬೀಜವೂ ಇದೆ. ಬೀಜ ನೀರಿನಲ್ಲಿ ತೇಲುತ್ತದೆ. ಹಕ್ಕಿ, ಹಂದಿ ಮುಂತಾದ ಪ್ರಾಣಿಗಳೂ ಅದನ್ನು ಹರಡುತ್ತವೆ. ತೋಟದ ಕಸವನ್ನು ಎಲ್ಲೋ ಸುರಿಯುವ ಮನುಷ್ಯರೂ ಹರಡುತ್ತಾರೆ.

ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯಬೇಕು. ಇದರ ಹೂವಿಗೆ ಜೇನ್ನೊಣಗಳು ಮುತ್ತುತ್ತವೆ. ಬರದಲ್ಲೂ ಹಸಿರು ಕೊಡುತ್ತದೆ. ಈ ಲಾಭ ಸುಳ್ಳಲ್ಲ. ಆದರೆ ಲಾಭ ಮೊದಲ ವರ್ಷವೇ, ನೆಟ್ಟವರ ಕೈಗೇ ಸಿಗುತ್ತದೆ. ನಷ್ಟ ಹಲವು ವರ್ಷಗಳ ನಂತರ, ನೆಡದವರ ಹೊಲಕ್ಕೆ ಬರುತ್ತದೆ. ನರ್ಸರಿಯ ಬಿಲ್ಲಿನಲ್ಲಿ ಆ ನಷ್ಟ ಬರೆದಿರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚ ಎನ್ನುತ್ತಾರೆ.

ನಮ್ಮ ಗಿಡವೂ ಹೊರಗೆ ಹೀಗೇ

ಬೇರೆ ದೇಶದ ಗಿಡವನ್ನು ಮಾತ್ರ ದೂರಬಾರದು. ತಿಳಿನೀಲಿ ಹೂವಿನ ಥನ್‌ಬರ್ಜಿಯಾ ಗ್ರಾಂಡಿಫ್ಲೋರಾ ಭಾರತದ್ದೇ ಬಳ್ಳಿ. ಅದನ್ನು ಅಂದಕ್ಕಾಗಿ ಒಯ್ದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದು ಮಳೆಕಾಡಿನ ಮರಗಳನ್ನು ಮುಚ್ಚಿ ಎಳೆದು ಬೀಳಿಸುತ್ತದೆ. ನಮ್ಮ ಕಡೆ ಲಂಟಾನ ಇದೆ. 19ನೇ ಶತಮಾನದ ಆರಂಭದಲ್ಲಿ ಕೋಲ್ಕತ್ತಾದ ಸಸ್ಯೋದ್ಯಾನಕ್ಕೆ ಹೂವಿಗಾಗಿ ಬಂದ ಗಿಡ ಇಂದು ಬಂಡೀಪುರದ ಕಾಡಿನೊಳಗೆ ಹುಲ್ಲನ್ನು ಬೆಳೆಯಗೊಡುತ್ತಿಲ್ಲ.

ನೆಡುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

1. ಈ ಗಿಡ ಬೇರೆ ಯಾವುದಾದರೂ ಊರಿನಲ್ಲಿ ಕಳೆಯಾಗಿದೆಯೇ? ಮುಂದೆ ಏನಾದೀತು ಎನ್ನಲು ಇದೇ ಒಳ್ಳೆಯ ಸುಳಿವು.
2. ಕತ್ತರಿಸಿದರೆ ಗೆಡ್ಡೆಯಿಂದ ಮತ್ತೆ ಬರುತ್ತದೆಯೇ?
3. ಬೀಜ ಹೇಗೆ ಹರಡುತ್ತದೆ? ಹತ್ತಿರ ನೀರು ಹರಿಯುತ್ತದೆಯೇ?
4. ನಾವು ಕಾಲೇಜು ಬಿಟ್ಟ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಸ್ಟ್ಯಾಂಡಿನ ಹಿಂದಿನ ಗೋಡೆಯಾಚೆ ಮಳೆನೀರಿನ ಕಾಲುವೆ ಇದೆ, ಅದು ಕೆರೆಗೆ ಸೇರುತ್ತದೆ. ಕೆರೆಯ ಸುತ್ತ ರೈತರ ಹೊಲಗಳಿವೆ. ನಾವು ಎರಡು ವರ್ಷ ಓದಿ ಹೋಗುವವರು, ಅವರು ಅಲ್ಲೇ ಇರುವವರು. ನನ್ನ ಸಲಹೆ ಇಷ್ಟು: ಆ ಜಾಗಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಸೋಣ. ನೆರಳು ನಿಧಾನವಾಗಿ ಬರಬಹುದು. ಮುಂದಿನ ತಿಂಗಳ ಸಭೆಗೆ ಬನ್ನಿ, ನಿಮ್ಮ ಅಭಿಪ್ರಾಯ ಬೇರೆಯಾದರೆ ಅದನ್ನೂ ಅಲ್ಲಿ ಹೇಳಿ.